ಕೂಸಿನ ಕೌದಿ

ಬಟ್ಟೆಯಂಗಡಿಯಲ್ಲಿ ಬಣ್ಣ ಆರಿಸುವುದು ಸುಲಭ. ಹಳೆಯ ಪೆಟ್ಟಿಗೆಯ ಮುಂದೆ ಕುಳಿತು ಆರಿಸುವುದೇ ಕಷ್ಟ. ಅಂಗಡಿಯಲ್ಲಿ ಹಣವೊಂದೇ ಅಡ್ಡ ಬರುತ್ತದೆ. ಪೆಟ್ಟಿಗೆಯ ಮುಂದಾದರೋ ಬದುಕೆಲ್ಲ ಅಡ್ಡ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಕೂಸಿಗೆಂದು ಪುಟ್ಟ ಕೌದಿ ಹೊಲಿಯಹೊರಟ ಗೃಹಿಣಿಯರಿಗೆ ಈ ಸಂಕಟ ಹೊಸದಲ್ಲ.

ಕೌದಿಯ ರಚನೆ ಸರಳವಾದುದು. ಒಳಗೆ ಹಳೆಯ ಧೋತರದ ಪದರಗಳು, ಮೇಲೆ ಸೀರೆಯ ತುಂಡುಗಳು, ಎಲ್ಲವನ್ನೂ ಹಿಡಿದು ನಿಲ್ಲಿಸುವ ಸಾಲುಸಾಲು ಕೈಹೊಲಿಗೆ. ಗಂಜಿ ಬಿಡದ ಹೊಸ ಅರಿವೆ ಕೂಸಿನ ಮೈಗೆ ಒರಟು. ಮೇಲಾಗಿ ಒಗೆತಕ್ಕೆ ಕುಗ್ಗಿ ನೆರೆಯ ತುಂಡನ್ನೂ ಸುಕ್ಕುಗಟ್ಟಿಸುತ್ತದೆ. ಹಲವು ವರ್ಷ ನೀರು ಕಂಡ ಹತ್ತಿಸೀರೆಯ ಮಿದುವೇ ಬೇರೆ. ಆದರೂ ಕೆಂಪನ್ನು ಮಾತ್ರ ನಂಬುವಂತಿಲ್ಲ. ಅದರ ತುದಿಯನ್ನು ಒದ್ದೆ ಮಾಡಿ, ಬಿಳಿಯ ಅರಿವೆಗೆ ಉಜ್ಜಿ ಪರೀಕ್ಷಿಸಿಯೇ ಒಳಗೆ ಬಿಟ್ಟುಕೊಳ್ಳಬೇಕು.

ಬಣ್ಣ ಜೋಡಿಸುವ ಕ್ರಮ ಎಲ್ಲೆಡೆಯೂ ಒಂದೇ ಅಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸೀಮೆಯ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗೂ ಮಡಿಸಿದ ತುಂಡಿನ ಹೂವನ್ನಿಡದೆ ಕೌದಿ ಮುಗಿಯಿತೆನ್ನರು. ಧಾರವಾಡದ ಮನೆಯೊಂದರಲ್ಲಿ ಮೊದಲೇ ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಲಾಯಿತು.

ಸೊಸೆ ಪೇಟೆಯಿಂದ ತಿಳಿಗುಲಾಬಿ, ತಿಳಿನೀಲಿ, ಕೆನೆಬಣ್ಣದ ಅರಿವೆಗಳನ್ನು ತಂದು ಒಗೆದು ಸಿದ್ಧಗೊಳಿಸಿದ್ದಳು. ಒಂದೊಂದೂ ಮುದ್ದಾಗಿಯೇ ಇದ್ದಿತು. ಆದರೆ ಬಾಗಿಲ ಬಳಿ ನಿಂತು ಕಣ್ಣು ಕಿರಿದುಮಾಡಿ ನೋಡಿದರೆ ಎಲ್ಲವೂ ಕಲಸಿಟ್ಟ ಹಾಲನ್ನದಂತೆ ಒಂದಾಗಿಬಿಡುತ್ತಿದ್ದವು. ಬಣ್ಣಗಳ ಹೆಸರು ಬೇರೆಯಾದ ಮಾತ್ರಕ್ಕೆ ಸಾಲದು. ದಟ್ಟ ತೆಳುಗಳ ಭೇದವಿಲ್ಲದೆ ಒಂದರಿಂದ ಇನ್ನೊಂದು ಎದ್ದು ಕಾಣದು.

ಅತ್ತೆ ಪೆಟ್ಟಿಗೆ ತೆರೆದರು. ತಮ್ಮ ಕುಬಸದಂದು ಉಟ್ಟಿದ್ದ ಹಸಿರು ಸೀರೆ ಹೊರಬಂದಿತು; ಅಂದು ಅವರ ಒಡಲಲ್ಲಿದ್ದವನೇ ಇಂದು ಕೂಸಿನ ತಂದೆ. ಮಾವನವರ ಧೋತರ ಒಳಪದರಕ್ಕೆಂದು ಮಡಿಕೆಯಾಯಿತು. ಕಟ್ಟಕಡೆಗೆ, ಎಲ್ಲಕ್ಕಿಂತ ಕೆಳಗಿನಿಂದ, ಅವರ ತಾಯಿಯ ಚಂದ್ರಕಾಳಿ ಸೀರೆ.

“ಅತ್ತಿ, ಕೂಸಿಗೆ ಕರೀ ಬಣ್ಣ ಬ್ಯಾಡ್ರಿ,” ಎಂದಳು ಸೊಸೆ.

“ಕೆನ್ನಿಗೆ ಹಚ್ಚೂ ದೃಷ್ಟಿಬೊಟ್ಟು ಯಾವ ಬಣ್ಣದ್ದವಾ?”

ಮೊದಮೊದಲು ಕೂಸಿನ ಕಣ್ಣಿಗೆ ತಿಳಿಬಣ್ಣಗಳ ಸೂಕ್ಷ್ಮಕ್ಕಿಂತ ಕಪ್ಪು ಬಿಳುಪಿನಂಥ ಬಲವಾದ ಭೇದವೇ ಚೆನ್ನಾಗಿ ಕಾಣುವುದೆಂದು ವೈದ್ಯರು ಹೇಳುತ್ತಾರೆ. ಅತ್ತೆಗೆ ಆ ಶಾಸ್ತ್ರ ತಿಳಿಯದು. ಕಪ್ಪಿಲ್ಲದೆ ಹಸಿರು ಏಳದೆಂಬುದು ಮಾತ್ರ ತಿಳಿದಿತ್ತು.

ಕತ್ತರಿ ಕೈಗೆ ಬಂದಾಗ ಅಳುಕಿದವಳು ಸೊಸೆಯೇ. ಆ ಸೀರೆಯನ್ನು ಅತ್ತೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲವೆಂಬುದನ್ನು ಅವಳು ಬಲ್ಲಳು.

“ನಿಮ್ಮವ್ವನ ನೆನಪಿಗೆ ಅದೊಂದ ಉಳದದ. ಇರ್ಲಿ ಬಿಡ್ರಿ.”

ಅತ್ತೆ ಮಡಿಕೆಯನ್ನು ಬೆಳಕಿಗೆ ಹಿಡಿದರು. ವರ್ಷಗಳಿಂದ ಒಂದೇ ಗೆರೆಯಲ್ಲಿ ಮಡಿಸಿಟ್ಟಿದ್ದ ಆ ನೂಲು ಮಡಿಕೆಯುದ್ದಕ್ಕೂ ಜಿಗಿದು ಬಿರಿದಿತ್ತು. ಮುಚ್ಚಿಟ್ಟ ಮಾತ್ರಕ್ಕೆ ಉಳಿಯುವಂಥದಾಗಿರಲಿಲ್ಲ ಅದು. ಕೆಲವು ಗಳಿಗೆ ಅವರು ಸುಮ್ಮನಿದ್ದರು.

“ಪೆಟ್ಟಿಗ್ಯಾಗ ಇದ್ರ ಇದು ನಮ್ಮವ್ವನ ಸೀರಿ ಅಷ್ಟ. ಕೂಸಿನ ಮೈಮ್ಯಾಲಿದ್ರ ನಮ್ಮವ್ವನ ಕೈ.”

ಬಿರುಕಿಲ್ಲದ ಕಡೆಯಿಂದ ನಾಲ್ಕು ಚೌಕಗಳು ದೊರೆತವು. ಹಸಿರಿನ ನಡುವೆ ಅವನ್ನಿಟ್ಟೊಡನೆ ಕೌದಿಗೆ ಜೀವ ಬಂದಿತು. ಸೊಸೆಯ ತಿಳಿಗುಲಾಬಿಯನ್ನೂ ಅತ್ತೆ ಬಿಡಲಿಲ್ಲ. ತಾವೇ ಎತ್ತಿ ಕರಿಯ ಚೌಕದ ಪಕ್ಕಕ್ಕೆ ಸೇರಿಸಿದರು. ಅಲ್ಲಿ ಅದು ಅಂಗಡಿಯಲ್ಲಿ ಕಂಡುದಕ್ಕಿಂತ ಎಷ್ಟೋ ಹೆಚ್ಚು ಗುಲಾಬಿಯಾಗಿ ಕಂಡಿತು.