ನೆರೆ ಇಳಿದ ಮೇಲೆ ಕೆಳಗಿನ ಕೋಣೆ

ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ಕಡೆಗೆ ಇಳಿಜಾರಾದ ಜಾಗದಲ್ಲಿ ನಮ್ಮ ಮನೆಯಿದೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಒಳಗೆ ಒಂಬತ್ತು ಮೆಟ್ಟಿಲು ಇಳಿದರೆ ನದಿಯ ಕಡೆಗೆ ಬಾಗಿಲಿರುವ ಇನ್ನೊಂದು ಕೋಣೆ ಸಿಗುತ್ತದೆ. ಉಮ್ಮ ಬೀಡಿ ಕಟ್ಟುವುದು, ಹೊಲಿಯುವುದು, ಬೇಸಿಗೆಯಲ್ಲಿ ನಾವೆಲ್ಲ ಮಲಗುವುದು ಅಲ್ಲೇ. 2019ರ ಆಗಸ್ಟ್ ನೆರೆಯಲ್ಲಿ ಆ ಕೋಣೆಯೊಳಗೆ ನನ್ನ ಕುತ್ತಿಗೆ ಮಟ್ಟಕ್ಕೆ ನೀರು ನಿಂತಿತ್ತು. ಆಗ ನಾನು ಎಂಟನೇ ತರಗತಿ.

ನೀರು ಬಂದ ರಾತ್ರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದನ್ನು ಟಿ.ವಿ.ಯವರು ಸಾಕಷ್ಟು ತೋರಿಸಿದ್ದಾರೆ. ನೀರು ಇಳಿದ ಮೇಲಿನ ಕೆಲಸವನ್ನು ಯಾರೂ ತೋರಿಸಲಿಲ್ಲ. ನಮ್ಮ ಮನೆಯಲ್ಲಿ ಅದು ಎರಡು ವರ್ಷ ನಡೆಯಿತು.

ಆ ವರ್ಷ ಬಕ್ರೀದ್ ಆಗಸ್ಟ್ 12ಕ್ಕೆ ಬಂದಿತ್ತು. ಹಬ್ಬದ ನಮಾಝ್ ಮುಗಿಸಿ ಬಂದ ಉಪ್ಪ ಅಂಗಿ ಕಳಚಿಟ್ಟು, ಲುಂಗಿ ಎತ್ತಿ ಕಟ್ಟಿ ಹಾರೆ ಹಿಡಿದರು. ಕೆಸರನ್ನು ಹಸಿ ಇರುವಾಗಲೇ ತೆಗೆಯಬೇಕು, ಒಣಗಿದರೆ ಕೆರೆಯಬೇಕಾಗುತ್ತದೆ. ಇದನ್ನು ಹೇಳಿದ್ದು ಅಜ್ಜಿ. ಅವರು 1974ರ ದೊಡ್ಡ ನೆರೆಯನ್ನು ಕಂಡವರು. ಮೇಲಿನ ಮೆಟ್ಟಿಲಲ್ಲಿ ಕುಳಿತು, ಯಾವುದನ್ನು ಬಿಸಾಡಬೇಕು, ಯಾವುದನ್ನು ತೊಳೆಯಬೇಕು ಎಂದು ನಮಗೆ ಹುಕುಂ ಕೊಡುತ್ತಿದ್ದರು. ನೆರೆಮನೆಯ ಹುಡುಗರು ಪಂಪ್ ತಂದರು. ಊಟ ಯಾರ ಯಾರ ಮನೆಯಿಂದಲೋ ಬಂತು.

ಅಕ್ಕನ ಮದುವೆಗೆಂದು ಹಿಂದಿನ ತಿಂಗಳಷ್ಟೇ ಮಾಡಿಸಿದ್ದ ಕಪಾಟು, ಮಂಚ ಕೆಳಗೇ ಇದ್ದವು. ಹೊರಗೆ ಹೊಳೆಯುವ ಹಾಳೆ, ಒಳಗೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ಎರಡೇ ದಿನದಲ್ಲಿ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿದವು. ಬಾಗಿಲಿನಿಂದ ಹೊರಗೆ ಹೋಗದೆ ಅಲ್ಲೇ ಒಡೆದು ತುಂಡು ಮಾಡಬೇಕಾಯಿತು. ಅಕ್ಕ ಒಂದು ಮಾತೂ ಆಡದೆ ತುಂಡುಗಳನ್ನು ಹೊತ್ತಳು. ಅಜ್ಜನ ಕಾಲದ ಹಲಸಿನ ಮರದ ಬೆಂಚು ಅದೇ ನೀರಿನಲ್ಲಿ ತೇಲಿ ಮೂಲೆ ಸೇರಿತ್ತು. ತೊಳೆದು ನೆರಳಿನಲ್ಲಿ ಒಣಗಿಸಿದೆವು. ಇವತ್ತಿಗೂ ಅದರ ಮೇಲೆ ಕುಳಿತೇ ಓದುತ್ತೇನೆ.

ಹೊಲಿಗೆ ಯಂತ್ರವನ್ನು ಉಮ್ಮ ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಈಗ ಸ್ವಲ್ಪ ಸದ್ದು ಮಾಡುತ್ತದೆ, ಆದರೆ ಹೊಲಿಯುತ್ತದೆ. ಬೀಡಿಯ ಎಲೆ, ಹೊಗೆಸೊಪ್ಪು ಉಳಿಯಲಿಲ್ಲ. ಅವು ನಮ್ಮವಲ್ಲ, ಬ್ರಾಂಚಿನವರು ತೂಕ ಮಾಡಿ ಕೊಟ್ಟದ್ದು. ಲೆಕ್ಕದ ಬೀಡಿ ಹಿಂದಕ್ಕೆ ಹೋಗಲೇಬೇಕು. ನೆರೆಯ ಕಾರಣ ಹೇಳಿದರೂ ವಾರ ವಾರ ಉಮ್ಮನ ಮಜೂರಿಯಲ್ಲಿ ಹಿಡಿದುಕೊಂಡರು. ಸರಕಾರದ 10,000 ರೂಪಾಯಿ ತುರ್ತು ಪರಿಹಾರ ಬಂತು. ಬಾವಿಯ ನೀರು ಎರಡು ಸಲ ಖಾಲಿ ಮಾಡಿಸಿ ಬ್ಲೀಚಿಂಗ್ ಪೌಡರ್ ಹಾಕುವುದು, ವಯರಿಂಗ್ ಬದಲಿಸುವುದು, ಅಷ್ಟಕ್ಕೇ ಮುಗಿಯಿತು.

ಉಪ್ಪನಿಗೆ ಆ ಕೋಣೆಯೇ ಬೇಡವಾಗಿತ್ತು. ಮಣ್ಣು ತುಂಬಿಸಿ ಬಾಗಿಲು ಕಟ್ಟಿಬಿಡೋಣ ಎಂದರು. ಉಮ್ಮ ಒಪ್ಪಲಿಲ್ಲ. "ನನ್ನ ಸಂಪಾದನೆಯ ಜಾಗ ಅದು. ಮೇಲೆ ನಾನು ಎಲ್ಲಿ ಕೂರಲಿ, ಅಡಿಗೆ ಒಲೆಯ ಪಕ್ಕದಲ್ಲಾ?" ಎಂದು ಕೇಳಿದರು. ಮೇಲಿರುವುದು ಎರಡು ಕೋಣೆ, ಆಗ ನಾವು ಏಳು ಜನ. ಈ ಜಗಳ ಸುಮಾರು ಒಂದು ತಿಂಗಳು ನಡೆಯಿತು. ಗೆದ್ದದ್ದು ಉಮ್ಮ. ನನ್ನ ಮಟ್ಟಿಗೆ ನ್ಯಾಯವೂ ಅವರದೇ.

ಆದರೆ ಗೋಡೆ ಒಣಗಬೇಕಲ್ಲ. ನಮ್ಮದು ಕೆಂಪುಕಲ್ಲಿನ ಗೋಡೆ. ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಮೇಲಿನ ಸಿಮೆಂಟ್ ಗಾರೆ ಆ ನೀರನ್ನು ಹೊರಗೆ ಬಿಡುವುದಿಲ್ಲ. ಹೊಸ ಪೇಂಟ್ ಬಳಿದ ಪಕ್ಕದ ಮನೆಯವರ ಗೋಡೆ ನಾಲ್ಕೇ ತಿಂಗಳಲ್ಲಿ ಹಪ್ಪಳದಂತೆ ಎದ್ದು ಬಂತು, ಒಳಗಿನಿಂದ ಬಿಳಿ ಉಪ್ಪಿನ ಪುಡಿ ಉದುರಿತು. ನಮ್ಮ ಮೇಸ್ತ್ರಿ ನಾಲ್ಕು ಅಡಿ ಎತ್ತರದವರೆಗೆ ಗಾರೆ ಕಿತ್ತು, ಫೆಬ್ರವರಿವರೆಗೆ ಮುಟ್ಟಬೇಡಿ ಎಂದರು. ಅಷ್ಟು ತಿಂಗಳು ಕಿಟಕಿ, ಬಾಗಿಲು ತೆರೆದೇ ಇತ್ತು. ಉಮ್ಮ ಮೆಟ್ಟಿಲಲ್ಲಿ ಕುಳಿತು ಬೀಡಿ ಕಟ್ಟಿದರು, ನಾವು ಅವರನ್ನು ದಾಟಿಕೊಂಡು ಓಡಾಡಿದೆವು. ಕೊನೆಗೆ ಪೇಂಟ್ ಬೇಡವೆಂದು ಸುಣ್ಣ ಹೊಡೆಸಿದೆವು. ಸುಣ್ಣದ ಗೋಡೆ ಉಸಿರಾಡುತ್ತದಂತೆ. ಸ್ವಿಚ್ ಬೋರ್ಡು ಈಗ ನನ್ನ ತಲೆಗಿಂತ ಮೇಲಿದೆ. ತಂಗಿ ಫ್ಯಾನ್ ಹಾಕಲು ಸ್ಟೂಲ್ ಹತ್ತುತ್ತಾಳೆ.

ಸಾಮಾನು ಇಡುವಾಗ ಉಪ್ಪ ಒಂದು ಷರತ್ತು ಹಾಕಿದರು: ಇಬ್ಬರು ಎತ್ತಿ ಮೆಟ್ಟಿಲು ಹತ್ತಿಸಲಾಗದ್ದು ಯಾವುದೂ ಕೆಳಗೆ ಇಳಿಯಬಾರದು. ಹಾಗಾಗಿ ಕಪಾಟು ಇಲ್ಲ. ಗೋಡೆಯ ಮೇಲ್ಭಾಗದಲ್ಲಿ ಕಡಪ ಕಲ್ಲಿನ ಹಲಗೆಗಳಿವೆ. ಮಂಚ ಮಡಚುವಂಥ ಕಬ್ಬಿಣದ್ದು. ಹಾಸಿಗೆಯ ಬದಲು ಚಾಪೆ. ಎಲೆಯ ಕಟ್ಟು ನೆಲ ಮುಟ್ಟುವುದಿಲ್ಲ, ಹಗ್ಗದಲ್ಲಿ ಕೊಕ್ಕೆಗೆ ನೇತಾಡುತ್ತದೆ. ಮೊದಲ ಸಲ ನೋಡಿದವರು ಇದೇನು ಬಸ್ ನಿಲ್ದಾಣವಾ ಎನ್ನುತ್ತಾರೆ. ಬೆಂಚು ಎತ್ತಲು ಮಾತ್ರ ನಾಲ್ಕು ಜನ ಬೇಕು. ಅದಕ್ಕೆ ಅಜ್ಜಿ ರಿಯಾಯಿತಿ ಕೊಡಿಸಿದ್ದರು.

ಅಜ್ಜಿ ಈಗಿಲ್ಲ. ಅಕ್ಕನ ಮದುವೆ ಹೇಳಿದ ದಿನಕ್ಕೇ ನಡೆಯಿತು, ಹೊಸ ಕಪಾಟು ಇಲ್ಲದೆ. ಗಂಡಿನ ಮನೆಯವರು ಅದನ್ನು ಕೇಳಲೂ ಇಲ್ಲ.

ಈ ಮಳೆಗಾಲದಲ್ಲಿ ಒಂದು ರಾತ್ರಿ ನದಿ ಅಂಗಳದವರೆಗೆ ಬಂತು. ಹನ್ನೊಂದು ಗಂಟೆಗೆ ಎಲ್ಲರೂ ಎದ್ದೆವು. ಹೊಲಿಗೆ ಯಂತ್ರ, ಮಂಚ, ಎಲೆಯ ಕಟ್ಟು, ನನ್ನ ಅಕೌಂಟೆನ್ಸಿ ನೋಟ್ಸ್, ಎಲ್ಲ ಮೇಲೆ ಬರಲು ಇಪ್ಪತ್ತೈದು ನಿಮಿಷ ಸಾಕಾಯಿತು. ನೀರು ಹೊಸ್ತಿಲಿನ ಕೆಳಗೇ ನಿಂತು ಬೆಳಗಿನ ಜಾವಕ್ಕೆ ಇಳಿಯಿತು. ಮಧ್ಯಾಹ್ನ ಮತ್ತೆ ಎಲ್ಲವನ್ನೂ ಕೆಳಗಿಳಿಸುವಾಗ ಉಮ್ಮ, ಅರ್ಧ ದಿನದ ಬೀಡಿ ಹೋಯಿತೆಂದು ಗೊಣಗುತ್ತಿದ್ದರು.