ಎರಡು ಪಟ್ಟಣಗಳಲ್ಲಿ ಹಂಚಿಹೋದ ಕರಾವಳಿ

ಕಾರವಾರದಿಂದ ಮಂಗಳೂರಿನವರೆಗೆ ಕಡಲೊಂದೇ, ಮಳೆಯೊಂದೇ. ಆದರೆ ಆ ತೀರದ ಆಂಗ್ಲರ ಕಾಲದ ಚರಿತ್ರೆಯನ್ನು ಅರಿಯಹೊರಟವರು ಎರಡು ದೂರದ ಪಟ್ಟಣಗಳ ಬಾಗಿಲು ತಟ್ಟಬೇಕು. 1799ರಲ್ಲಿ ಟಿಪ್ಪುವಿನ ಪತನಾನಂತರ ಕುಂಪಣಿಯ ಕೈಸೇರಿದ ಕೆನರಾ ಜಿಲ್ಲೆ ಕಾಲಕ್ರಮದಲ್ಲಿ ಇಬ್ಭಾಗವಾಗಿ, 1862ರಲ್ಲಿ ಉತ್ತರಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣಭಾಗ ಮದರಾಸಿನಲ್ಲೇ ಉಳಿಯಿತು. ಪಾಲಾದ ಅಣ್ಣತಮ್ಮಂದಿರಂತಿದ್ದ ಇವೆರಡೂ ಮತ್ತೆ ಒಂದೇ ಸೂರಿನಡಿ ಬಂದದ್ದು 1956ರಲ್ಲಿ.

ಹೀಗಾಗಿ ಉತ್ತರ ಕನ್ನಡದ ಗ್ಯಾಸೆಟಿಯರು 1883ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ದಕ್ಷಿಣ ಕನ್ನಡದ ಕೈಪಿಡಿ 1894-95ರಲ್ಲಿ ಮದರಾಸಿನಲ್ಲಿ. ನಾವು ಹೊಟ್ಟೆಪಾಡಿಗೆಂದು ಬಂದು ನೆಲಸಿದ ಪಟ್ಟಣಕ್ಕೆ ನಮ್ಮೂರ ಚರಿತ್ರೆ ನಮಗಿಂತ ಮೊದಲೇ ಬಂದು ಕೂತಿದೆಯೆಂದರೆ ಆಶ್ಚರ್ಯವಲ್ಲವೇ!

ಈ ಗ್ರಂಥಗಳನ್ನು ತೆರೆದವರಿಗೆ ಎದುರಾಗುವ ಮೊದಲ ತೊಡಕು ಹೆಸರುಗಳದು. ಹೊನ್ನಾವರ 'ಓನೋರ್' ಆಗಿದೆ. ಬಸರೂರು 'ಬಾರ್ಸಿಲೋರ್' ಆಗಿದೆ. ಕುಂಪಣಿಯ ಅಪ್ಪಣೆಯಂತೆ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಭಟ್ಕಳವನ್ನು 'ಬಟುಕುಲ್ಲ' ಎಂದು ಬರೆದಿದ್ದಾನೆ. ಕಣ್ಣಿನಿಂದ ಓದಿದರೆ ಅರ್ಥವಾಗದ ಹೆಸರನ್ನು ಬಾಯಿಬಿಟ್ಟು ಎರಡು ಸಲ ಓದಿದರೆ, ಊರು ತಾನಾಗಿ ಓಗೊಡುತ್ತದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡರಂತೂ ಇನ್ನೂ ಸುಲಭ.

ಗ್ಯಾಸೆಟಿಯರಿನಿಂದ ಗುರುತುಹಾಕಿಕೊಂಡ ಟಿಪ್ಪಣಿಗಳೊಡನೆ ನಾವು ಕುಮಟೆಗೆ ಹೋದೆವು. ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಈ ಬಂದರಿಗೆ ಬಂದು, ಇಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಬಾರದಾದಾಗ ನಮ್ಮ ದೇಶದ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂದೆ ಬಯಲುಸೀಮೆಗೆ ರೈಲು ಬಂದು, ಹತ್ತಿಯ ಮೂಟೆಗಳು ಬೇರೆ ದಾರಿ ಹಿಡಿದವು. ಕುಮಟೆಯ ಸಡಗರವೂ ಇಳಿಯಿತು. ಅಳಿವೆಯ ದಂಡೆಯಲ್ಲಿ ನಿಂತವರಿಗೆ ಇಂದು ಅದರ ಸುಳಿವೇ ಸಿಗದು. ಪುಸ್ತಕ ಓದಿ ಹೋದವರಿಗೆ ಮಾತ್ರ ಆ ಬರಿಯ ದಂಡೆಯ ಮೇಲೆ ಮೂಟೆಗಳು ಕಾಣುತ್ತವೆ.

ಆದರೆ ಒಂದು ಎಚ್ಚರಿಕೆ ಬೇಕು. ಈ ಗ್ರಂಥಗಳನ್ನು ಬರೆದವರು ಊರಿನ ಪ್ರೀತಿಯಿಂದ ಬರೆದವರಲ್ಲ. ಕಂದಾಯ ಎತ್ತುವವರಿಗಾಗಿ, ರಾಜ್ಯವಾಳುವವರಿಗಾಗಿ ಬರೆದವರು. ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹಳೆಯ ಲೆಕ್ಕಪತ್ರಗಳನ್ನು ತರಿಸಿ ನೋಡಿ, ಇಲ್ಲಿಯ ಭೂಮಿ ಪ್ರಜೆಗಳ ಸ್ವಂತ ಸೊತ್ತೆಂದು 1800ರಲ್ಲಿ ವರದಿ ಮಾಡಿದ. ಮೂಲಗೇಣಿ, ಚಾಲಗೇಣಿ ಎಂಬ ನಮ್ಮ ಮನೆಮಾತುಗಳು ದಕ್ಷಿಣ ಕನ್ನಡದ ಕೈಪಿಡಿಯಲ್ಲೂ ಸಿಗುತ್ತವೆ. ಆದರೆ ಗೇಣಿಯ ಅಕ್ಕಿ ಅಳೆದುಕೊಟ್ಟ ಮೇಲೆ ಒಕ್ಕಲಿನ ಮನೆಯಲ್ಲಿ ಎಷ್ಟು ಉಳಿಯಿತು, ಆಟಿ ತಿಂಗಳಲ್ಲಿ ಮಕ್ಕಳು ಏನು ಉಂಡರು ಎಂಬುದಕ್ಕೆ ಸರಕಾರದ ಲೆಕ್ಕದಲ್ಲಿ ಅಂಕಣವಿಲ್ಲ.

1837ರ ಕಥೆಯನ್ನೇ ನೋಡಿ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕುಂಪಣಿಯವರು ಅದಕ್ಕೆ ಸೇರಿದ್ದ ಅಮರ ಸುಳ್ಯ ಮುಂತಾದ ಪ್ರದೇಶಗಳನ್ನು ಕೆನರಾಕ್ಕೆ ಸೇರಿಸಿ, ಅದುವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. ಕಣಜದಲ್ಲಿ ಭತ್ತವಿದ್ದರೂ ಕೈಯಲ್ಲಿ ಕಾಸಿಲ್ಲದ ರೈತ ಎಲ್ಲಿಂದ ತರಬೇಕು? ಜನ ಎದ್ದರು, ಸುಳ್ಯದಿಂದ ಹೊರಟು ಏಪ್ರಿಲಿನಲ್ಲಿ ಮಂಗಳೂರನ್ನೇ ಹೊಕ್ಕು, ಸುಮಾರು ಎರಡು ವಾರ ಹಿಡಿದಿಟ್ಟರು. ಕೊನೆಗೆ ಸೈನ್ಯ ಬಂತು; ಮುಂದಾಳುಗಳು ನೇಣಿಗೇರಿದರು. ಆಂಗ್ಲರು ಇದನ್ನು ದಂಗೆಯೆಂದು ಬರೆದರು. ಅದು ಸಹಜವೇ. ಆದರೆ ನಮ್ಮ ಜನರ ಬಾಯಲ್ಲೂ ಇದು 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಬರಿಯ ಲೂಟಿಯ ಗಲಭೆ, ಎಂದೇ ಬಹುಕಾಲ ಉಳಿಯಿತು! ಗೆದ್ದವರು ಇಟ್ಟ ಬೆಲೆಯನ್ನು ಸೋತವರ ಮೊಮ್ಮಕ್ಕಳೂ ಒಪ್ಪಿಕೊಂಡಂತಾಯಿತು. ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ, ನೂರೆಂಬತ್ತೈದು ವರ್ಷಗಳಾದ ಮೇಲೆ.

ಆದುದರಿಂದ ಹಳೆಯ ಪುಸ್ತಕವನ್ನು ನಂಬಬೇಕು, ಆದರೆ ಅದೊಂದನ್ನೇ ನಂಬಬಾರದು. ಮನೆಯ ನೆನಪನ್ನು ಕೇಳಬೇಕು, ಅದನ್ನೂ ಒರೆಗೆ ಹಚ್ಚಬೇಕು. ಗ್ರಂಥಗಳೇನೋ ಭದ್ರವಾಗಿವೆ, ಈಗ ಅವುಗಳ ಪುಟಗಳನ್ನು ಗಣಕಯಂತ್ರದ ಮೇಲೂ ಓದಬಹುದು. ಭದ್ರವಿಲ್ಲದ್ದು ಇನ್ನೊಂದಿದೆ. ಊರಿನ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಗೆದ್ದಲಿನ ಬಾಯಿಗೆ ಸಿಗುತ್ತಿರುವ ಗೇಣಿಚೀಟಿ, ಹಡಗಿನ ಲೆಕ್ಕ, ಅಜ್ಜ ಬರೆದ ಕಾಗದ. ಅದರ ಅಕ್ಷರ ಓದಬಲ್ಲವರು, ಅದರಲ್ಲಿನ ಹೆಸರು ಯಾರದೆಂದು ಹೇಳಬಲ್ಲವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದಾರೆ. ಮುಂದಿನ ರಜೆಯಲ್ಲಿ ಊರಿಗೆ ಹೋಗುವ ಬಂಧುಗಳು ಆ ಪೆಟ್ಟಿಗೆಯನ್ನು ಕೆಳಗಿಳಿಸಿ, ಮಕ್ಕಳನ್ನು ಎದುರಿಗೆ ಕೂರಿಸಿ, ಅಜ್ಜಿಯ ಕೈಯಲ್ಲಿ ತೆರೆಸಲಿ.