ಯಂತ್ರಕ್ಕೊಂದು ಮುಹೂರ್ತ

ನಮ್ಮ ಮನೆಯಲ್ಲಿ ಪಂಚಾಂಗ ನೋಡುವವರು ನನ್ನ ಮಾವನವರು. ಆಫೀಸಿನಲ್ಲಿ ನೋಡುವವನು ನಾನು. ಅವರು ನೋಡುವುದು ಮನುಷ್ಯರಿಗಾಗಿ, ನಾನು ನೋಡುವುದು ಆರುನೂರು ಕಂಪ್ಯೂಟರುಗಳಿಗಾಗಿ. ಯಾವ ಯಂತ್ರಕ್ಕೆ ಯಾವ ಹೊತ್ತಿನಲ್ಲಿ ಹೊಸ ಅಪ್‌ಡೇಟ್ ಇಳಿಯಬೇಕು, ಯಾವ ದಿನ ವೈರಸ್ ಶೋಧನೆ ನಡೆಯಬೇಕು, ಎಷ್ಟು ಗಂಟೆಗೆ ಯಂತ್ರವು ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕು, ಅಂದರೆ ರೀಸ್ಟಾರ್ಟ್ ಆಗಬೇಕು, ಎಂಬುದನ್ನೆಲ್ಲ ಮುಂಚಿತವಾಗಿ ಗೊತ್ತುಮಾಡಿ ಒಂದು ಸಾಫ್ಟ್‌ವೇರಿನಲ್ಲಿ ಬರೆದಿಟ್ಟರಾಯಿತು. ಆಮೇಲೆ ಎಲ್ಲವೂ ತಾನಾಗಿ ನಡೆಯುತ್ತದೆ. “ಅಲಾರಂ ಇಡುವುದಕ್ಕೂ ಸಂಬಳ ಕೊಡುತ್ತಾರೆಯೆ?” ಎಂದು ನನ್ನ ಶ್ರೀಮತಿಯವರು ಕೇಳುವುದುಂಟು. ಕೊಡುತ್ತಾರೆ. ಆದರೆ ಆರುನೂರು ಮಂದಿ ಇರುವ ಮನೆಯಲ್ಲಿ, ಒಬ್ಬರ ನಿದ್ದೆಯೂ ಕೆಡದಂತೆ ಅಲಾರಂ ಇಟ್ಟು ನೋಡಲಿ ಎಂದು ನಾನು ಮನಸ್ಸಿನಲ್ಲಿಯೇ ಅಂದುಕೊಳ್ಳುತ್ತೇನೆ.

ಈ ಉಪದ್ವ್ಯಾಪವೆಲ್ಲ ಏತಕ್ಕೆ ಎಂದು ಓದುಗರು ಕೇಳಬಹುದು. ಮೈಕ್ರೋಸಾಫ್ಟ್ ಕಂಪನಿಯವರು 2003ನೆಯ ಇಸವಿ ಅಕ್ಟೋಬರಿನಿಂದ, ಪ್ರತಿ ತಿಂಗಳಿನ ಎರಡನೆಯ ಮಂಗಳವಾರ ತಮ್ಮ ವಿಂಡೋಸಿಗೆ ತೇಪೆಗಳನ್ನು ಹೊರಡಿಸುವ ಪದ್ಧತಿ ಇಟ್ಟುಕೊಂಡಿದ್ದಾರೆ. ತೇಪೆ ಹೊರಟಿತೆಂದರೆ ಹರಕು ಎಲ್ಲಿದೆಯೆಂಬುದು ಕಳ್ಳರಿಗೂ ತಿಳಿಯಿತೆಂದು ಅರ್ಥ. 2017ರಲ್ಲಿ ಲೋಕವನ್ನೆಲ್ಲ ನಡುಗಿಸಿದ ವನ್ನಾಕ್ರೈ ಪಿಡುಗು ನೆನಪಿರಬಹುದು. ಅದು ಹಬ್ಬಿದ್ದು ಮೇ 12ರಂದು; ಅದು ನುಗ್ಗಿದ ಕಂಡಿಯನ್ನು ಮುಚ್ಚುವ ತೇಪೆ ಮಾರ್ಚ್ 14ರಂದೇ ಸಿದ್ಧವಾಗಿ ಬಂದಿತ್ತು. ನಡುವೆ ಎರಡು ತಿಂಗಳ ಕಾಲ ‘ನಾಳೆ ಹಾಕೋಣ’ ಎಂದವರು ಎಷ್ಟು ಮಂದಿಯೋ! ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳು ವೈದ್ಯರನ್ನು ಕಾಣದೆ ಹಿಂತಿರುಗಬೇಕಾಯಿತು.

ಹಾಗೆಂದು ಅವಸರಪಟ್ಟರೂ ಕೇಡೇ. 2024ನೆಯ ಇಸವಿ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಾಫ್ಟ್‌ವೇರಿನವರು ಕಳುಹಿಸಿದ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಮುಖ ಮಾಡಿ ಕುಳಿತುಬಿಟ್ಟವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸುಗಳನ್ನು ಹಂಚಿದರು. ಆ ಬಗೆಯ ಫೈಲು ಗ್ರಾಹಕರು ಇಟ್ಟುಕೊಂಡಿದ್ದ ವೇಳಾಪಟ್ಟಿಗೆ ಒಳಪಡದೆ ಎಲ್ಲರಿಗೂ ಏಕಕಾಲಕ್ಕೆ ಹೋಗಿತ್ತು. ನನ್ನ ಕೈಯಲ್ಲಿರುವ ಅಪ್‌ಡೇಟುಗಳಿಗಂತೂ ನಾನು ಅನ್ನದ ನ್ಯಾಯವನ್ನೇ ಅನುಸರಿಸುತ್ತೇನೆ. ಮೊದಲು ನಮ್ಮದೇ ವಿಭಾಗದ ಹತ್ತು ಯಂತ್ರಗಳು. ಅಗುಳು ಬೆಂದಿದೆಯೆಂದು ಕಂಡಮೇಲೆ, ಮೂರು ದಿನ ಬಿಟ್ಟು ಐವತ್ತು. ವಾರ ಕಳೆದಮೇಲೆ ಮಿಕ್ಕವು.

ಈ ‘ಎರಡನೆಯ ಮಂಗಳವಾರ’ ಕೂಡ ಸಾಮಾನ್ಯವಾದುದಲ್ಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಹೊರಡುವ ತೇಪೆ, ಅವರ ಬೇಸಗೆಯಲ್ಲಿ ನಮಗೆ ರಾತ್ರಿ ಹತ್ತೂವರೆಗೂ ಚಳಿಗಾಲದಲ್ಲಿ ಹನ್ನೊಂದೂವರೆಗೂ ಮುಟ್ಟುತ್ತದೆ. ಆದ್ದರಿಂದ ನಮ್ಮ ಕೆಲಸ ಬುಧವಾರದ್ದು. ‘ಎರಡನೆಯ ಬುಧವಾರ’ ಎಂದು ಬರೆದುಬಿಟ್ಟರಾಯಿತಲ್ಲ ಎನ್ನುವಿರಾ? 2025ರ ಅಕ್ಟೋಬರನ್ನು ತೆಗೆದುಕೊಳ್ಳಿ. ಅದು ಬುಧವಾರವೇ ಹುಟ್ಟಿದ ತಿಂಗಳು. ಅದರ ಎರಡನೆಯ ಬುಧವಾರ 8ನೆಯ ತಾರೀಖು. ಎರಡನೆಯ ಮಂಗಳವಾರವೋ 14! ಅಡುಗೆಯಾಗುವುದಕ್ಕೆ ಆರು ದಿನ ಮುಂಚೆ ಎಲೆ ಹಾಕಿದಂತಾಗುತ್ತದೆ. ‘ಎರಡನೆಯ ಮಂಗಳವಾರ ಕಳೆದು ಇಷ್ಟು ದಿನಕ್ಕೆ’ ಎಂದೇ ನಮೂದಿಸಬೇಕು. ಇದನ್ನು ಕೇಳಿ ಮಾವನವರು, ನಿಮ್ಮಲ್ಲಿಯೂ ಅಧಿಕಮಾಸವುಂಟೆನ್ನಿ ಎಂದು ಬಹಳ ಸಂತೋಷಪಟ್ಟರು.

ಇನ್ನು ಮಲಗಿದ ಯಂತ್ರಗಳ ಕಥೆ. ಆಫೀಸಿನಲ್ಲಿ ತಂತಿಗೆ ಕಟ್ಟಿಹಾಕಿರುವ ಯಂತ್ರವನ್ನು ದೂರದಿಂದಲೇ ಎಬ್ಬಿಸಬಹುದು. ಎಬ್ಬಿಸುವ ಸಂದೇಶದಲ್ಲಿ ಆ ಯಂತ್ರದ ವಿಳಾಸವನ್ನು ಹದಿನಾರು ಸಲ ಒಂದರ ಹಿಂದೊಂದು ಬರೆದಿರುತ್ತಾರೆ. ಶಾಲೆಗೆ ಹೋಗುವ ಮಕ್ಕಳನ್ನು ಎಬ್ಬಿಸಿ ಬಲ್ಲ ತಾಯಂದಿರಿಗೆ ಈ ಸಂಖ್ಯೆ ಹೆಚ್ಚೆನಿಸಲಾರದು. ಆದರೆ ಮುಚ್ಚಳ ಮುಚ್ಚಿ ಚೀಲದೊಳಗಿಟ್ಟು ಮನೆಗೊಯ್ದ ಲ್ಯಾಪ್‌ಟಾಪಿಗೆ ಈ ಕೂಗು ಕೇಳಿಸದು. ಮುಹೂರ್ತ ತಪ್ಪಿದ್ದನ್ನು ಯಂತ್ರ ತೆರೆದ ಕೂಡಲೇ ಮಾಡು ಎಂದು ಬರೆದರೆ, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲ ಲ್ಯಾಪ್‌ಟಾಪುಗಳೂ ಒಟ್ಟಿಗೆ ನುಗ್ಗಿ, ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿದಂತಾಗುತ್ತದೆ. ಆದುದರಿಂದ ಒಂದೊಂದಕ್ಕೂ ಒಂದಿಷ್ಟು ನಿಮಿಷಗಳ ಹಿಂದು ಮುಂದು ಇಡಬೇಕು.

ಇವೆಲ್ಲ ಲೆಕ್ಕದ ಮಾತು. ನನ್ನನ್ನು ನಿಜವಾಗಿ ಕಾಡಿದ್ದು ಬೇರೊಂದು.

ನಮ್ಮ ಮುಖ್ಯ ಕಚೇರಿ ಅಮೆರಿಕದ ಪೂರ್ವ ಕರಾವಳಿಯಲ್ಲಿದೆ. ಕೆಲವು ವರ್ಷಗಳ ಹಿಂದಿನವರೆಗೆ ವೇಳಾಪಟ್ಟಿ ಬರೆಯುವ ಅಧಿಕಾರ ಅವರದೇ ಆಗಿತ್ತು. ಯಾರಿಗೂ ತೊಂದರೆಯಾಗದಿರಲೆಂದು ಅವರು ಆರಿಸಿದ ಹೊತ್ತು ರಾತ್ರಿ ಎರಡು ಗಂಟೆ. ಯಾರ ರಾತ್ರಿ? ಸಾಫ್ಟ್‌ವೇರಿನಲ್ಲಿ ‘ಕೇಂದ್ರದ ಗಡಿಯಾರ’, ‘ಆಯಾ ಯಂತ್ರದ ಗಡಿಯಾರ’ ಎಂದು ಎರಡು ಆಯ್ಕೆಗಳಿವೆ. ಅವರು ಗುರುತು ಹಾಕಿದ್ದುದು ಮೊದಲನೆಯದಕ್ಕೆ. ಅವರ ಎರಡು ಗಂಟೆ ನಮಗೆ ಹಾಡುಹಗಲು ಹನ್ನೊಂದೂವರೆ! ಲೆಕ್ಕಪತ್ರ ವಿಭಾಗದವರು ತಿಂಗಳ ಸಂಬಳದ ಪಟ್ಟಿಯನ್ನು ಅರ್ಧ ಮಾಡಿರುವಾಗ ಪರದೆ ಕಪ್ಪಾಗುತ್ತಿತ್ತು. ನವೆಂಬರಿನಲ್ಲಿ ಅವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ನಮ್ಮ ಗ್ರಹಣ ಹನ್ನೆರಡೂವರೆಗೆ ಸರಿಯುತ್ತಿತ್ತು. ಆಗ ಊಟದ ಡಬ್ಬಿ ಬಿಚ್ಚಬಹುದಾಗಿದ್ದುದರಿಂದ ಚಳಿಗಾಲದಲ್ಲಿ ದೂರುಗಳು ಕಡಮೆ. ನಮ್ಮ ಜನರ ಸಹನೆಯನ್ನು ಮೆಚ್ಚಬೇಕೋ ಮರುಗಬೇಕೋ ನನಗೆ ಇನ್ನೂ ತಿಳಿಯದು.

ಅಧಿಕಾರ ನನ್ನ ಕೈಗೆ ಬಂದಾಗ, ಎರಡನೆಯ ಆಯ್ಕೆಗೆ ಗುರುತು ಹಾಕಿ ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ಬರೆಯುವ ಮೊದಲು, ನಮ್ಮ ಕಟ್ಟಡದಲ್ಲಿ ರಾತ್ರಿ ಎರಡು ಗಂಟೆ ಹೇಗಿರುತ್ತದೆಂದು ನೋಡಬೇಕೆನಿಸಿ, ಒಂದು ಬುಧವಾರ ಮನೆಗೆ ಹೋಗದೆ ಉಳಿದುಕೊಂಡೆ. ಮೂರು ಮಹಡಿಗಳು ಸ್ಮಶಾನಮೌನ. ನಾಲ್ಕನೆಯದರಲ್ಲಿ ದೀಪಗಳು ಝಗಝಗಿಸುತ್ತಿದ್ದವು. ನಲವತ್ತೆರಡು ಮಂದಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸಾಗರದಾಚೆಯ ಗ್ರಾಹಕರ ಕಷ್ಟಗಳನ್ನು ಕೇಳುತ್ತಿದ್ದರು. ಹಾಸನದ ಕಡೆಯ ಹುಡುಗಿಯೊಬ್ಬಳು ನನ್ನ ಮುಖ ನೋಡಿ, “ಏನು ಸಾರ್, ಇಷ್ಟು ಹೊತ್ತಿನಲ್ಲಿ?” ಎಂದಳು. “ಹೊತ್ತು ನಿಮಗೂ ಆಗಿದೆಯಲ್ಲಮ್ಮ” ಎಂದೆ. “ನಮಗೆ ಇದು ಮಧ್ಯಾಹ್ನ, ಸಾರ್” ಎಂದಳು.

ಅವಳಿಂದಲೇ ಮತ್ತೊಂದು ಸಂಗತಿ ತಿಳಿಯಿತು. ಆ ಪಾಳಿಯವರಿಗೆ ಸಂಬಳದ ಮೇಲೆ ಸಿಗುವ ಪ್ರೋತ್ಸಾಹಧನವನ್ನು ಲೆಕ್ಕಹಾಕುವುದು ಅವರು ಯಂತ್ರದ ಮುಂದೆ ಹಾಜರಿದ್ದ ನಿಮಿಷಗಳಿಂದ. ಯಂತ್ರ ಮಲಗಿದರೆ ಅವರು ಎದ್ದುಹೋದಂತೆಯೇ ಲೆಕ್ಕ. ರೀಸ್ಟಾರ್ಟಿಗೆ ಇಪ್ಪತ್ತು ನಿಮಿಷ ಹಿಡಿದರೆ, ಆ ಇಪ್ಪತ್ತು ನಿಮಿಷ ಆ ಹುಡುಗಿ ಗೈರುಹಾಜರು. ಅವಳ ತಮ್ಮನ ಕಾಲೇಜಿನ ಶುಲ್ಕ ಕಟ್ಟುವುದು ಆ ಪ್ರೋತ್ಸಾಹಧನದಿಂದ.

ಮಾರನೆಯ ದಿನ ಪಟ್ಟಿ ಬರೆದೆ. ಹಗಲಿನವರಿಗೆ ರಾತ್ರಿ ಎರಡು. ಆ ನಲವತ್ತೆರಡಕ್ಕೆ, ಪಾಳಿಯವರ ಗಾಡಿ ಹೊರಟಮೇಲೆ, ಬೆಳಿಗ್ಗೆ ಎಂಟೂವರೆ. ಗೇಟಿನ ಕ್ಯಾಮೆರಾದ ಚಿತ್ರಗಳನ್ನು ದಾಖಲಿಸುವ ಯಂತ್ರವನ್ನು ಮಾತ್ರ ಯಾವ ಪಟ್ಟಿಗೂ ಸೇರಿಸಲಿಲ್ಲ. ಅದಕ್ಕೆ ಬಿಡುವೆಂಬುದೇ ಇಲ್ಲ. ತಿಂಗಳಿಗೊಂದು ಭಾನುವಾರ ಕಾವಲುಗಾರನ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೈಯಾರೆ ಮಾಡುತ್ತೇನೆ. ಅಷ್ಟು ಹೊತ್ತು ಆತ ಗೇಟನ್ನು ಕಣ್ಣಾರೆ ಕಾಯುತ್ತಾನೆ.

ಮೂರು ವರ್ಷ ಹೀಗೆ ನಡೆಯಿತು. ಈಗ ಮುಖ್ಯ ಕಚೇರಿಯಿಂದ ಹೊಸದೊಂದು ಆಜ್ಞೆ ಬಂದಿದೆ: ಎಲ್ಲ ಶಾಖೆಗಳಿಗೂ ಏಕರೂಪದ ವೇಳಾಪಟ್ಟಿ. ಈ ಬಾರಿ ಅವರು ಉದಾರಿಗಳು. ಆಯಾ ಊರಿನ ಗಡಿಯಾರದಂತೆ ರಾತ್ರಿ ಎರಡು ಗಂಟೆಯೆಂದಿದ್ದಾರೆ. ವಿನಾಯಿತಿಗಳಿಗೆ ಅವಕಾಶವಿಲ್ಲವಂತೆ. ನಲವತ್ತೆರಡು ಯಂತ್ರಗಳ ಹಾಜರಿಯ ಲೆಕ್ಕವನ್ನು ಲಗತ್ತಿಸಿ ನಾನು ಆಕ್ಷೇಪಣೆಯ ಪತ್ರ ಬರೆದಿದ್ದೇನೆ; ಒಪ್ಪದಿದ್ದರೆ ಆ ನಿಮಿಷಗಳನ್ನಾದರೂ ಹಾಜರಿಗೆ ಸೇರಿಸಬೇಕೆಂದು ಕೇಳಿದ್ದೇನೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಉತ್ತರ ಬಂದಿದೆ. ಬರುವ ತಿಂಗಳಿನ ಎರಡನೆಯ ಮಂಗಳವಾರದೊಳಗೆ ಅವರು ಏನಾದರೊಂದನ್ನು ಹೇಳಲೇಬೇಕು. ಹೇಳದಿದ್ದರೆ, ತೇಪೆ ಇಳಿಯುವ ಆ ರಾತ್ರಿ ನಾನು ನಾಲ್ಕನೆಯ ಮಹಡಿಯಲ್ಲಿಯೇ ಇದ್ದು, ಯಾರ ಯಂತ್ರ ಎಷ್ಟು ನಿಮಿಷ ಮಲಗಿತ್ತೆಂದು ಒಂದೊಂದಾಗಿ ಬರೆದುಕೊಳ್ಳಬೇಕೆಂದಿದ್ದೇನೆ. ನಲವತ್ತೆರಡು ಹೆಸರುಗಳಿಗೆ ಗೆರೆ ಎಳೆದು ಒಂದು ನೋಟ್‌ಬುಕ್ಕನ್ನು ಸಿದ್ಧಮಾಡಿಟ್ಟಿದ್ದೇನೆ.